ಒಬ್ಬಳೇ ಕಾಜಕ್ಕ

"ಎತ್ತಬೇಡಿ," ಎಂದಳು ಮಗಳು.

ನಾಲ್ವರು ಆಗಲೇ ಬಗ್ಗಿದ್ದರು. ತಲೆಯ ಕಡೆ ನಿಂತಿದ್ದ ಟೈಲರ್ ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡ. ಹೊರಗೆ ವ್ಯಾನಿನ ಹಿಂಬಾಗಿಲು ತೆರೆದಿತ್ತು, ಡ್ರೈವರ್ ಎರಡು ಸಲ ಗಡಿಯಾರ ನೋಡಿಯಾಗಿತ್ತು. ಬೆಳಿಗ್ಗೆ ಆಸ್ಪತ್ರೆಯವರು ಸ್ಮಶಾನದ ಆಫೀಸಿಗೆಂದು ಕೊಟ್ಟ ಚೀಟಿಯನ್ನು ಮಗಳು ಈಗಷ್ಟೇ ಬಿಚ್ಚಿ ಓದಿದ್ದಳು.

"ಏನಾಯ್ತಮ್ಮ?" ಎಂದ ಸೋದರಮಾವ. ಸತ್ತವಳಿಗೆ ಇದ್ದ ಒಬ್ಬನೇ ತಮ್ಮ. ಅತ್ತು ಅತ್ತು ಅವನ ಮೂಗು ಕೆಂಪಾಗಿತ್ತು.

"ಹೆಸರು ತಪ್ಪಿದೆ ಮಾವ."

"ಯಾರ ಹೆಸರು?"

"ಅಮ್ಮನ ಹೆಸರು."

ಕೋಣೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ನಿಜ ಹೇಳಬೇಕೆಂದರೆ ಆ ಬೀದಿಯಲ್ಲಿ ಅವಳ ಹೆಸರು ಗೊತ್ತಿದ್ದವರೇ ಕಡಿಮೆ. ನಲವತ್ತು ವರ್ಷ ಟೈಲರ್ ಅಂಗಡಿಗಳಿಗೆ ಕೈಯಲ್ಲೇ ಕಾಜ ಹೊಲಿದುಕೊಟ್ಟವಳು. ಊರಿನ ಅರ್ಧ ಜನರ ಅಂಗಿಯ ಗುಂಡಿ ಅವಳು ಕೊಯ್ದು ಅಂಚು ಕಟ್ಟಿದ ತೂತಿನಲ್ಲೇ ಕೂರುತ್ತಿತ್ತು. ಹೀಗಾಗಿ ದೊಡ್ಡವರಿಗೂ ಚಿಕ್ಕವರಿಗೂ ಅವಳು ಕಾಜಕ್ಕ, ಅಷ್ಟೇ.

"ಅಷ್ಟೇನಾ?" ಮಾವ ಉಸಿರು ಬಿಟ್ಟ. "ಒಂದೆರಡಕ್ಷರ ಆಚೆ ಈಚೆ ಆಗಿರತ್ತೆ. ಮಣ್ಣು ಮುಗಿಸಿ ಬರೋಣ, ಆಮೇಲೆ ನೋಡ್ಕೊಂಡ್ರಾಯ್ತು."

"ಆಮೇಲೆ ನೋಡ್ಕೊಳ್ಳೋದು ಅಂದ್ರೇನು ಅಂತ ನಿಮಗೆ ಗೊತ್ತಿಲ್ವಾ ಮಾವ?"

ಮಾವನಿಗೆ ಚೆನ್ನಾಗಿ ಗೊತ್ತಿತ್ತು.

*

ಇಪ್ಪತ್ತೊಂದು ವರ್ಷದ ಹಿಂದೆ ಕಾಜಕ್ಕನ ಗಂಡ ತೀರಿಕೊಂಡಾಗ ಮಗಳಿಗೆ ಹದಿಮೂರು. ಮುಂದೊಂದು ಕೋಣೆ, ಹಿಂದೊಂದು ಕೋಣೆಯ ಈ ಮನೆ ಅವನ ಹೆಸರಿನಲ್ಲಿತ್ತು. ಮನೆಪತ್ರದಲ್ಲಿ ಅವನ ಹೆಸರು ಒಂದು ಥರ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಥರ, ಮರಣಪತ್ರದಲ್ಲಿ ಮತ್ತೊಂದು. ಕಿಟಕಿಯಾಚೆ ಕೂತಿದ್ದ ಗುಮಾಸ್ತ ಮೂರನ್ನೂ ಹರಡಿಕೊಂಡು ಕೇಳಿದ:

"ಈ ಮೂವರಲ್ಲಿ ಸತ್ತೋರು ಯಾರಮ್ಮ?"

"ಮೂವರೂ ನನ್ನ ಗಂಡನೇ ಸ್ವಾಮಿ."

ಹಿಂದಿನ ಸಾಲು ಗೊಳ್ಳೆಂದು ನಕ್ಕಿತು. ಅಮ್ಮನ ಕೈ ಹಿಡಿದು ನಿಂತಿದ್ದ ಮಗಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮನೆ ಕಾಜಕ್ಕನ ಹೆಸರಿಗೆ ಬರಲು ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಖಾಲಿ ಮಾಡಿ ಎಂಬ ನೋಟೀಸು ಎರಡು ಸಲ ಬಾಗಿಲಿಗೆ ಅಂಟಿತ್ತು. ಕೊನೆಗೂ ಪತ್ರ ಕೈಗೆ ಬಂದ ಸಂಜೆ ಅವಳು ತನ್ನ ಕಾಗದಗಳನ್ನು ಹರಡಿ ಕೂತಳು. ನೋಡಿದರೆ ತಾನೇ ನಾಲ್ವರು!

"ನಿಮ್ಮಪ್ಪ ಮೂರು ಜನ ಆಗಿ ಹೋದ್ರು," ಎಂದಳು ಮಗಳಿಗೆ. "ನಾನು ಸಾಯೋವಾಗ ಒಬ್ಬಳೇ ಸಾಯ್ತೀನಿ, ನೋಡ್ತಿರು."

ಕಾಜ ಹೊಲಿಯುವವರದು ಒಂದು ಪದ್ಧತಿ. ಗುಂಡಿ ಕೈಗೆ ಬರದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಗುಂಡಿಯನ್ನು ಹಿಗ್ಗಿಸಲಾಗದು, ಕುಗ್ಗಿಸಲಾಗದು. ತೂತನ್ನು ಬೇಕಾದಷ್ಟಕ್ಕೆ ಕೊಯ್ಯಬಹುದು. ಕಾಜಕ್ಕ ಸರ್ಕಾರವನ್ನೂ ಹಾಗೆಯೇ ಅಳೆದಳು. ಓದಿದ ಶಾಲೆ ಮುಚ್ಚಿಹೋಗಿತ್ತು, ಹೆಸರು ಬರೆದುಕೊಂಡ ಮೇಷ್ಟರೂ ಕಣ್ಣು ಮುಚ್ಚಿದ್ದರು, ಆ ದಾಖಲೆಯನ್ನು ಇನ್ನು ತಿದ್ದುವವರಿಲ್ಲ.

"ಇದೇ ಗುಂಡಿ. ಮಿಕ್ಕಿದ್ದೆಲ್ಲಾ ಇದರ ಅಳತೆಗೆ."

ಮೇಷ್ಟರು ಬರೆದದ್ದು ಹೆತ್ತಮ್ಮ ಕರೆಯುತ್ತಿದ್ದ ಹಾಗಿರಲಿಲ್ಲ. ಅದರ ಗೊಡವೆಗೆ ಅವಳು ಹೋಗಲಿಲ್ಲ. ಒಂದೊಂದೇ ಕಾಗದ ಹಿಡಿದು ಹೊರಟಳು. ಬ್ಯಾಂಕಿಗೆ ಎಂಟು ತಿಂಗಳು, ಮನೆಪತ್ರಕ್ಕೆ ನಾಲ್ಕು ವರ್ಷ. ಕರೆಯುವವರೆಗೂ ಕಚೇರಿಯ ಬೆಂಚಿನ ಮೇಲೆ ಕೂತು ಕಾಜ ಹೊಲಿಯುತ್ತಿದ್ದಳು. ಆ ಬೆಂಚಿನ ಮೇಲೆ ಮುಗಿದ ಅಂಗಿಗಳು ಎಷ್ಟೋ! ಕೊನೆಯ ಕಾಗದ ಸರಿಯಾಗಿ ಬಂದದ್ದು ಕಳೆದ ತಿಂಗಳು. ಅವತ್ತು ಬೀದಿಗೆಲ್ಲ ಸಿಹಿ ಹಂಚಿದಳು. ಮಗಳಿಗೆ ಮದುವೆ ಗೊತ್ತಾಯಿತೇನೋ ಅಂದುಕೊಂಡು ಎಲ್ಲರೂ ತಿಂದರು. ಎಂಟು ದಿನ ಕಳೆದ ಮೇಲೆ ಹಾಸಿಗೆ ಹಿಡಿದಳು.

*

ಈಗ ಆ ಮನೆ ಮಗಳಿಗೆ ಬರಬೇಕು. ಅವಳಿಗೆ ಇರುವ ಸೂರು ಅದೊಂದೇ. ಚೀಟಿಯ ಹೆಸರು ಸ್ಮಶಾನದ ಪುಸ್ತಕಕ್ಕೆ ಏರಿದರೆ ಮರಣಪತ್ರದಲ್ಲೂ ಅದೇ ಬರುತ್ತದೆ.

"ಆಸ್ಪತ್ರೇಲಿ ಹೆಸರು ಬರೆಸಿದ್ದು ಯಾರು?" ಎಂದು ಕೇಳಿದಳು.

ಮಾವನ ಕಣ್ಣು ಮತ್ತೆ ತುಂಬಿತು. "ನಾನೇ ಕಣಮ್ಮ. ನೀನು ಔಷಧಿ ತರಕ್ಕೆ ಹೋಗಿದ್ದೆ. ಹೆಸರೇನು ಅಂದ್ರು, ನಮ್ಮಮ್ಮ ಕರೀತಿದ್ದದ್ದೇ ಬಾಯಿಗೆ ಬಂತು. ನನಗೆ ಅದೇ ಅಲ್ವಾ ಅವಳ ಹೆಸರು?"

ಮಗಳಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಯ್ಯೋ ಪಾಪ ಎಂದೂ ಅನ್ನಿಸಿತು. "ಅಳಬೇಡಿ ಮಾವ. ಬನ್ನಿ, ತಿದ್ದಿಸ್ಕೊಂಡು ಬರೋಣ."

"ಹೆಣ ಕಾಯಿಸಬಾರದು ಕಣೇ," ಎಂದಳು ಎದುರುಮನೆಯ ಅಜ್ಜಿ.

"ಅಪ್ಪನ ಹೆಸರಿಗೆ ಹನ್ನೊಂದು ವರ್ಷ ಕಾದೋಳು ಅಮ್ಮ, ಅಜ್ಜಿ. ತನ್ನ ಹೆಸರಿಗೆ ಒಂದು ಗಂಟೆ ಕಾಯ್ತಾಳೆ ಬಿಡಿ."

ತರಕಾರಿಯವನ ಹತ್ತಿರವೂ ದನಿ ಎತ್ತದ ಹುಡುಗಿ ಇವಳೇನಾ ಎಂದು ಜನ ಕಣ್ಣರಳಿಸಿದರು. ಟೈಲರ್ ಆಗಲೇ ಸ್ಕೂಟರಿನ ಕೀಲಿ ತೆಗೆದಿದ್ದ. ಅಮ್ಮನ ಫೈಲನ್ನು ಎದೆಗೊತ್ತಿಕೊಂಡು ಮಗಳು, ಅವಳ ಹಿಂದೆ ಮಾವ, ಮೂವರೂ ಒಂದೇ ಸ್ಕೂಟರಿನಲ್ಲಿ ಹೊರಟರು.

ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತ ಚೀಟಿಯನ್ನು ನೋಡಿ ವಾಪಸು ತಳ್ಳಿದ. "ರಿಜಿಸ್ಟರ್‌ನಲ್ಲಿ ಹೀಗೇ ಇದೆ. ನೀವೇ ಹೇಳಿ ಬರೆಸಿದ್ದು."

"ನಾನೇ ಹೇಳಿದ್ದು. ತಪ್ಪು ನಂದೇ," ಎಂದ ಮಾವ.

"ಎರಡಕ್ಷರಕ್ಕೆ ಹೆಣ ಬಿಟ್ಟು ಬಂದ್ರಾ?"

"ಎರಡೇ ಅಕ್ಷರ ತಾನೇ ಸಾರ್," ಎಂದಳು ಮಗಳು. "ಬರೆದುಬಿಡಿ."

ಗುಮಾಸ್ತ ತಲೆಯೆತ್ತಿ ನೋಡಿದ. ನಾಳೆ ಅರ್ಜಿ ಕೊಡಿ, ಪುರಾವೆ ತನ್ನಿ, ಒಂದಕ್ಕೊಂದು ತಾಳೆಯಾಗದಿದ್ದರೆ ಅದಕ್ಕೊಂದು ಪ್ರಮಾಣಪತ್ರ ಮಾಡಿಸಿ ಎಂದು ಶುರು ಹಚ್ಚಿದ. ಮಗಳು ಫೈಲು ಬಿಚ್ಚಿ ಆರು ಕಾಗದಗಳನ್ನು ಅವನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಶಾಲೆಯದು ಮೊದಲು, ಮನೆಯದು ಕೊನೆಗೆ.

ಅವನು ಒಂದು ನೋಡಿದ, ಎರಡು ನೋಡಿದ. ಎಲ್ಲಾದರೂ ಹುಳುಕು ಸಿಕ್ಕೀತು ಎಂಬ ಆಸೆಯಿಂದ ಮೂರನೆಯದನ್ನು ಬೆಳಕಿಗೆ ಹಿಡಿದ. ಆರೂ ಮುಗಿದ ಮೇಲೆ ಮತ್ತೆ ಮೊದಲನೆಯದರಿಂದ ಓದಿದ. ಕೊನೆಗೆ ಕನ್ನಡಕ ತೆಗೆದಿಟ್ಟ.

"ಇಪ್ಪತ್ತಾರು ವರ್ಷ ಸರ್ವೀಸು ನಂದು. ಎಲ್ಲಾ ಕಾಗದದಲ್ಲೂ ಒಂದೇ ಹೆಸರಿರೋರನ್ನ ಇವತ್ತೇ ನೋಡಿದ್ದು. ಏನು ಕೆಲಸದಲ್ಲಿದ್ರು ಇವರು?"

"ಕಾಜ ಹೊಲೀತಿದ್ರು," ಎಂದ ಟೈಲರ್. ದೊಡ್ಡ ಹುದ್ದೆಯೊಂದನ್ನು ಹೇಳಿದಂತೆ ಅವನ ಎದೆ ಉಬ್ಬಿತು.

ಗುಮಾಸ್ತ ರಿಜಿಸ್ಟರ್ ಎಳೆದುಕೊಂಡ. ಹಳೆಯದಕ್ಕೆ ಗೀಟು ಹಾಕಿ ಸರಿಯಾದದ್ದನ್ನು ಬರೆದ, ಪಕ್ಕದಲ್ಲಿ ಮಾವನ ಸಹಿ ಹಾಕಿಸಿಕೊಂಡ. ಹೊಸ ಚೀಟಿಗೆ ಮುದ್ರೆ ಒತ್ತಿದ. ಮಗಳು ಅಲ್ಲೇ ನಿಂತು ಓದಿ, ತಲೆಯಾಡಿಸಿದ ಮೇಲೆಯೇ ಮಡಿಚಿದಳು.

ಒಂದು ಗಂಟೆ ಎಂದದ್ದು ಒಂದೂವರೆಯಾಗಿತ್ತು. ಆದರೂ ಬೀದಿಯಲ್ಲಿ ಯಾರೊಬ್ಬರೂ ಕದಲಿರಲಿಲ್ಲ. ಸ್ಕೂಟರಿನ ಮೇಲಿಂದಲೇ ಮಾವ ಚೀಟಿ ಎತ್ತಿ ಹಿಡಿದು, "ಆಯ್ತು! ಸರಿಯಾಯ್ತು!" ಎಂದು ಕೂಗಿದ. ಸತ್ತ ಮನೆಯ ಮುಂದೆ ಹಾಗೆ ಕೂಗಬಾರದು ಎಂದು ಹೇಳಬೇಕಾದ ಎದುರುಮನೆಯ ಅಜ್ಜಿಯೇ ಕಣ್ಣೊರೆಸಿಕೊಂಡು ನಕ್ಕಳು.

ಸ್ಮಶಾನದ ಆಫೀಸಿನವನು ಚೀಟಿ ನೋಡಿ ದಪ್ಪ ಪುಸ್ತಕದಲ್ಲಿ ಹೆಸರು ಬರೆದುಕೊಂಡ. ಎರಡು ನಿಮಿಷವೂ ಹಿಡಿಯಲಿಲ್ಲ. ಮಣ್ಣು ಹಾಕುವಾಗ ಮಗಳು ಮನಸಾರೆ ಅತ್ತಳು. ಅಳುವಿನ ನಡುವೆಯೇ, ಅಮ್ಮ ಗೆದ್ದುಬಿಟ್ಟಳು ಎಂಬ ಹಿಗ್ಗು ಉಕ್ಕಿ ಬಂದು ಅವಳಿಗೇ ಆಶ್ಚರ್ಯವಾಯಿತು.

ಹಿಂದಿರುಗುವಾಗ ವ್ಯಾನಿನಲ್ಲಿ ಮೊದಲು ಪರ್ಸು ತೆಗೆದವನು ಟೈಲರ್. ತನ್ನ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಓದಿ, "ಅರೆ!" ಎಂದ. ಪಕ್ಕದವನು ತನ್ನದನ್ನು ತೆಗೆದ. ಎದುರುಮನೆಯ ಅಜ್ಜಿ ತನ್ನದನ್ನು ಮೊಮ್ಮಗಳ ಕೈಗಿಟ್ಟು, "ಏನು ಬರೆದವ್ರೆ ಓದೇ, ಒಂದೂ ಬಿಡದಂಗೆ ಓದು," ಎಂದಳು. ಡ್ರೈವರ್ ಕೂಡ ಸಿಗ್ನಲ್ಲಿನಲ್ಲಿ ನಿಂತಾಗ ತನ್ನ ಲೈಸೆನ್ಸ್ ನೋಡಿಕೊಂಡ. ವ್ಯಾನಿನ ತುಂಬ ಜನ ತಮ್ಮ ತಮ್ಮ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು.

ಮಾವ ಮಾತ್ರ ತನ್ನದನ್ನು ಗಟ್ಟಿಯಾಗಿ ಓದಲಿಲ್ಲ. ಮುಂದಿನ ಸೀಟಿನಲ್ಲಿದ್ದ ಮಗಳ ಕಡೆ ಬಾಗಿದ.

"ಮಗಳೇ, ನಾನು ಇಬ್ಬರಿದ್ದೀನಿ ಕಣಮ್ಮ," ಎಂದು ಪಿಸುಗುಟ್ಟಿ, ಅವಳ ಭುಜದ ಮೇಲಿಂದ ಎರಡು ಕಾರ್ಡು ಚಾಚಿದ.

ಅವಳು ಕೆನ್ನೆ ಒರೆಸಿಕೊಂಡು ಎರಡನ್ನೂ ಮಂಡಿಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡಳು. ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು.