ಏಳದೆ ಹೋದ ಮೂರನೆಯ ಗೆರೆ

ನಾನು ಒಂದು ಪಿಸಿಆರ್ ಯಂತ್ರ. ಗಂಟಲಿನಿಂದ, ಮೂಗಿನಿಂದ ತೆಗೆದ ಮಾದರಿಯಲ್ಲಿ ವೈರಸ್ ಇದೆಯೋ ಇಲ್ಲವೋ ಎಂದು ಹುಡುಕುವುದು ನನ್ನ ಕಸುಬು. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ, ಧೂಳು ಸುಳಿಯದ ಬಿಳಿ ಕೋಣೆಯಲ್ಲಿ. ಅದಕ್ಕೇ ಇರಬೇಕು, ನನಗೆ ಮೊದಲಿನಿಂದಲೂ ಮಡಿ ಜಾಸ್ತಿ, ಸೊಕ್ಕೂ ಜಾಸ್ತಿ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಗೆ ಬಂದ ದಿನ ಪೆಟ್ಟಿಗೆ ಬಿಚ್ಚಿದ್ದೇ ತಡ, ಹಣೆಗೆ ಕುಂಕುಮ ಬಳಿದು ಮುಂದೆ ಕಾಯಿ ಒಡೆದರು. ಕಾಯಿನೀರು ಒಳಗೆ ಸಿಡಿದೀತೆಂದು ಇಂಜಿನಿಯರ್ ಬಾಯಿ ಬಡಿದುಕೊಂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನನ್ನು ನಡೆಸುತ್ತಿದ್ದವಳು ಫರ್ಜಾನಾ ನದಾಫ, ಲ್ಯಾಬ್ ಟೆಕ್ನೀಷಿಯನ್. ನಾನು ಯಾರನ್ನಾದರೂ ಮನಸಾರೆ ಮೆಚ್ಚಿದ್ದರೆ ಅದು ಆಕೆಯನ್ನೇ. ಪ್ರತಿ ಮಾದರಿಗೂ ನಾನು ಪರದೆಯ ಮೇಲೆ ಮೂರು ಗೆರೆ ಬರೆಯುತ್ತಿದ್ದೆ. ಎರಡು ವೈರಸ್ಸಿನವು. ಮೂರನೆಯದು ಮನುಷ್ಯನದೇ ಗುರುತು. ರೋಗ ಇರಲಿ ಬಿಡಲಿ, ಮಾದರಿ ಸರಿಯಿದ್ದರೆ ಆ ಮೂರನೆಯ ಗೆರೆ ಮೇಲೇಳಲೇಬೇಕು. ಎಲ್ಲರ ಕಣ್ಣೂ ವೈರಸ್ಸಿನ ಗೆರೆಯ ಮೇಲಿದ್ದರೆ, ಈಕೆ ಮಾತ್ರ ಮೊದಲು ಮೂರನೆಯದನ್ನು ಬೆರಳಿಟ್ಟು ನೋಡುತ್ತಿದ್ದಳು.

ಸೋಂಕು ಜೋರಾಗಿದ್ದ ದಿನಗಳಲ್ಲಿ ಒಂದು ಮಾದರಿ ಬಂತು. ದ್ಯಾಮವ್ವ, ಅರವತ್ತೆರಡು ವರ್ಷ, ಸಣ್ಣ ಕೆಮ್ಮು, ಪಕ್ಕದ ಮನೆಯಲ್ಲಿ ಪಾಸಿಟಿವ್. ಫಲಿತಾಂಶ ಬರುವವರೆಗೆ ಆಕೆಯನ್ನು ಊರ ಸಾಲೆಯಲ್ಲಿ ಇರಿಸಿದ್ದರು. ಮನೆಯಲ್ಲಿ ಹೆರಿಗೆಗೆ ಬಂದ ಮಗಳು, ದಿನ ತುಂಬುವ ಮೊದಲೇ ಹುಟ್ಟಿದ ಹನ್ನೊಂದು ದಿನದ ಕೂಸು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಅಜ್ಜಿಯ ಕೆಲಸ. ನೆಗೆಟಿವ್ ಅಂದರೆ ದ್ಯಾಮವ್ವ ಆ ಸಂಜೆಯೇ ಬಾಣಂತಿ ಕೋಣೆಗೆ ಹೋಗುವವಳು.

ಆಕೆಯ ಮಾದರಿಗೆ ನನ್ನ ಒಂದು ಗೆರೆಯೂ ಏಳಲಿಲ್ಲ.

ಪಟ್ಟಿ ತುಂಬುವ ವಿರೂಪಾಕ್ಷ ಬಾಗಿಲಲ್ಲಿ ನಿಂತು ಅವಸರ ಮಾಡಿದ. "ಮೇಡಂ, ವೈರಸ್ ಗೆರಿ ಎದ್ದಿಲ್ಲಲ್ರಿ. ನೆಗೆಟಿವ್ ಅಂತ ಹಾಕಿ ಬಿಡ್ಲೇನು? ಐದಕ್ಕ ಲಿಸ್ಟ್ ಹೋಗಬೇಕು."

"ಕಣ್ಣಿಗೆ ಬಟ್ಟಿ ಕಟ್ಟಿಕೊಂಡು ಹೋಗಿ, ಮನ್ಯಾಗ ಯಾರೂ ಕಾಣ್ಲಿಲ್ಲ ಅಂದ್ರ ಮನಿ ಖಾಲಿ ಅಂತೇನ್ರಿ?" ಎಂದಳು ಫರ್ಜಾನಾ.

ನಿಜ ಹೇಳುತ್ತೇನೆ, ನಾನೂ ಒಳಗೊಳಗೇ ನೆಗೆಟಿವ್ ಅಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಆಕೆ ಉಳಿದ ಮಾದರಿಯನ್ನು ತೆಗೆದು ಮೊದಲಿನಿಂದ ಮತ್ತೆ ಪರೀಕ್ಷೆಗೆ ಇಟ್ಟಳು. ಮತ್ತೆ ಅದೇ ಕತೆ. ಆಗ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳು. ದ್ರವ ಕೆಂಪಗಿತ್ತು. ಎಲೆ, ಅಡಿಕೆ, ಸುಣ್ಣ, ತಂಬಾಕು! ಬಾಯಲ್ಲಿ ಎಲೆಯಡಿಕೆ ಇದ್ದಂತೆಯೇ ಗಂಟಲಿನ ಮಾದರಿ ತೆಗೆದಿದ್ದರು. ಆ ರಸ ಸೇರಿದರೆ ನಾನು ಕುರುಡ.

ಆಕೆ ಪಟ್ಟಿಯಲ್ಲಿ "ತೀರ್ಮಾನವಾಗಿಲ್ಲ, ಹೊಸ ಮಾದರಿ ಬೇಕು" ಎಂದು ಬರೆಸಿ, ಸಾಲೆಗೆ ತಾನೇ ಫೋನ್ ಮಾಡಿದಳು. ಆ ಕಡೆಯಿಂದ ದ್ಯಾಮವ್ವನ ದನಿ ಲ್ಯಾಬಿಗೆಲ್ಲ ಕೇಳಿತು.

"ಐತಿ ಅನ್ನು, ಇಲ್ಲಾ ಇಲ್ಲ ಅನ್ನು! ಅಷ್ಟು ದೊಡ್ಡ ಮಿಷನ್ ಇಟ್ಕೊಂಡು ಗೊತ್ತಿಲ್ಲ ಅಂತೀಯಲ್ಲ, ನಾಚಿಕಿ ಬರಂಗಿಲ್ಲೇನ? ಅಲ್ಲಿ ಕೂಸಿಗೆ ನೀರ್ ಹಾಕೋರಿಲ್ಲ."

"ಬೈರಿ ಆಯೀ, ಎಷ್ಟ್ ಬೇಕಾದ್ರೂ ಬೈರಿ. ಖರೇನ ಗೊತ್ತಿಲ್ಲ ನನಗ. ಗೊತ್ತಿಲ್ಲದ ನಿಮ್ಮನ್ನ ಕೂಸಿನ ಹತ್ರ ಹೆಂಗ್ ಕಳಸ್ಲಿ? ಬಾಯಿ ಮುಕ್ಕಳಿಸ್ರಿ, ನಾಳಿ ಮುಂಜಾನಿತನಾ ಎಲಿ ಮುಟ್ಟಬ್ಯಾಡ್ರಿ."

ಮರುದಿನ ಹೊಸ ಮಾದರಿ ಬಂತು. ಮೂರೂ ಗೆರೆಗಳು ಎದ್ದವು, ವೈರಸ್ಸಿನವು ಎಲ್ಲಕ್ಕಿಂತ ಮೊದಲು. ಪಾಸಿಟಿವ್, ಅದೂ ಜೋರಾಗಿಯೇ. ಫರ್ಜಾನಾ ಕುರ್ಚಿ ಎಳೆದುಕೊಂಡು ಕುಳಿತಳು. ವಿರೂಪಾಕ್ಷ ಹೋಗಿ ಆಕೆಗೆ ಚಹಾ ತಂದಿಟ್ಟ.

ತಿಂಗಳು ಕಳೆದ ಮೇಲೆ ಲ್ಯಾಬಿನ ಕಿಟಕಿಯಾಚೆ ಒಬ್ಬ ಮುದುಕಿ ಬಂದು ನಿಂತಳು. ದ್ಯಾಮವ್ವ. ಫರ್ಜಾನಾ ಹೊರಗೆ ಹೋದಳು.

"ಭಾಳ ಬೈದೆ ನನ್ನವ್ವಾ ನಿನಗ. ಇವತ್ತ ಮೊದಲನೇ ಸಲ ಕೂಸಿಗೆ ಎರದು, ನೆಟ್ಟಗ ಇಲ್ಲಿಗೇ ಬಂದೆ. ಮೂಸಿ ನೋಡು," ಎಂದು ಕೈ ಚಾಚಿದಳು.

ಫರ್ಜಾನಾ ಮಾಸ್ಕು ಇಳಿಸಿ ಆ ಕೈಯನ್ನು ಮೂಸಿದಳು. ಹರಳೆಣ್ಣೆ, ಲೋಬಾನದ ಹೊಗೆ, ಕೂಸಿನ ಮೈವಾಸನೆ ಎಲ್ಲ ಇದ್ದಿರಬೇಕು. ಮೂಗಿಲ್ಲದ್ದಕ್ಕೆ ನಾನು ದುಃಖಪಟ್ಟದ್ದು ಅದೊಂದೇ ದಿನ. ಮುದುಕಿಯ ಕೈ ಹಿಡಿದುಕೊಂಡೇ ಆಕೆ ಅತ್ತುಬಿಟ್ಟಳು.

ಈಗ ನನಗೆ ವಯಸ್ಸಾಗಿದೆ. ದೀಪ ಮಂಕಾಗಿದೆ, ಬಿಡಿಭಾಗ ಸಿಗುವುದಿಲ್ಲ. ಮುರಿದ ವ್ಹೀಲ್‌ಚೇರುಗಳ ಜೊತೆ ಉಗ್ರಾಣದ ಮೂಲೆಯಲ್ಲಿದ್ದೇನೆ. ಐದಾರು ತಿಂಗಳಿಗೊಮ್ಮೆ ಫರ್ಜಾನಾ ಹೊಸ ಟೆಕ್ನೀಷಿಯನ್ನರನ್ನು ಕರೆತಂದು ನನ್ನ ಮುಚ್ಚಳ ತೆಗೆದು ತೋರಿಸುತ್ತಾಳೆ. ಸಾವಿರ ಸಾವಿರ ಮಂದಿಗೆ ನಾನು ಉತ್ತರ ಕೊಟ್ಟಿದ್ದೇನೆ. ಆಕೆ ಅವರಿಗೆ ಹೇಳುವುದು ಮಾತ್ರ ನಾನು ಉತ್ತರ ಕೊಡಲಾಗದ ಆ ಒಂದು ದಿನದ ಸಂಗತಿಯನ್ನೇ. ಮೊದಲು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅದನ್ನು ಕೇಳಲೆಂದೇ ಕಾಯುತ್ತೇನೆ, ಯಾಕೆಂದರೆ ಪ್ರತಿ ಸಲ ಕೊನೆಗೆ ಆಕೆ ಒಂದು ಮಾತು ಸೇರಿಸುತ್ತಾಳೆ: "ಆ ಕೂಸು ಈಗ ಸಾಲ್ಯಾಗ ಒಂದನೇತ್ತಾ ಓದಾಕತ್ತೈತಿ."