ರೋಗಿ ಮಾವನ ಕುತ್ತಿಗೆ

"ಇವತ್ತು ಯಾವ ವಾರ, ಹೇಳಿ?"

"ಗುರುವಾರ," ಎಂದರು ನೆಲದ ಮೇಲೆ ಅಂಗಾತ ಮಲಗಿದ್ದ ರೋಗಿ ಮಾವ.

"ಈಗ ಎಲ್ಲಿದ್ದೀರಿ?"

"ರಸ್ತೆ ಬದೀಲಿ. ಸೈಕಲ್ಲಿಂದ ಬಿದ್ದಿದ್ದೀನಿ."

ಅಲ್ಲಿ ರಸ್ತೆಯೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಅದು ಆಂಬುಲೆನ್ಸ್ ತರಬೇತಿ ಕೇಂದ್ರದ ಹಿಂದಿನ ಕೋಣೆ. ನೆಲಕ್ಕೆ ನೀಲಿ ಚಾಪೆ, ಗೋಡೆಗೆ ಒರಗಿಸಿದ ಸ್ಟ್ರೆಚರ್, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಗಡಿಯಾರ ಹಿಡಿದು ಕೂತ ಪರೀಕ್ಷಕಿ ಡಾಕ್ಟರಮ್ಮ. ತಲೆ ಅಲುಗದಂತೆ ಹಿಡಿದುಕೊಳ್ಳಲು ಒಬ್ಬ ನರ್ಸ್ ಇದ್ದಳು. ರೋಗಿ ಮಾವ ಅಸಲಿಗೆ ಇಪ್ಪತ್ತೊಂಬತ್ತು ವರ್ಷ ಆಂಬುಲೆನ್ಸಿನಲ್ಲಿ ದುಡಿದ ಹಳೆ ಹುಲಿ. ಪರೀಕ್ಷೆ ಬಂದಾಗಲೆಲ್ಲ ಮುಖ್ಯ ಗಾಯಾಳುವಿನ ಪಾತ್ರ ಅವರಿಗೇ ಮೀಸಲು, ಅದಕ್ಕೇ ಆ ಹೆಸರು. ಹಿಂದೊಮ್ಮೆ ಕಾಲು ಮುರಿದವರಾಗಿ ಅವರು ನರಳಿದ ನರಳಾಟಕ್ಕೆ ಪಕ್ಕದ ಕಚೇರಿಯವರು ನೀರಿನ ಚೊಂಬು ಹಿಡಿದು ಓಡಿಬಂದಿದ್ದರು.

ಅವರ ಪಕ್ಕ ಮಂಡಿಯೂರಿ ಪ್ರಶ್ನೆ ಕೇಳುತ್ತಿದ್ದ ಅಭ್ಯರ್ಥಿಗೆ ಮೂವತ್ತೆಂಟು ವರ್ಷ; ಕಲಿಯುವವರ ತಂಡದಲ್ಲೆಲ್ಲ ಹಿರಿಯಳು. ಹದಿನಾಲ್ಕು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆ ಮಾಡಿ, ಸಾಕಾಗಿ, ಈ ಕೆಲಸ ಕಲಿಯಲು ಬಂದವಳು. ಹೋದ ಸಲ ಇದೇ ಪರೀಕ್ಷೆಯಲ್ಲಿ ನಪಾಸಾಗಿದ್ದಳು. ಮೂರು ಗಾಯಾಳುಗಳನ್ನು ಕೊಟ್ಟಿದ್ದರು, ಮೂವರಿಗೂ ಕುತ್ತಿಗೆ ಅಲುಗದಂತೆ ಹಿಡಿಯುವ ಪಟ್ಟಿ, ಅಂದರೆ ಕಾಲರ್, ಬಿಗಿದುಬಿಟ್ಟಿದ್ದಳು. ಅದರಲ್ಲೊಬ್ಬ, ಇಪ್ಪತ್ತು ವರ್ಷದಿಂದ ಕತ್ತು ಬಾಗಿಸಿಕೊಂಡೇ ಓಡಾಡುವ ಮುದುಕನ ಪಾತ್ರದವನು. ಆ ಬಾಗಿದ ಕತ್ತನ್ನು ನೆಟ್ಟಗೆ ಮಾಡಿ ಪಟ್ಟಿ ಹಾಕಲು ಹೋದಾಗ ಡಾಕ್ಟರಮ್ಮ ಎದ್ದು ನಿಂತು ತಡೆದಿದ್ದರು. ಬೇಕಿಲ್ಲದವರಿಗೆ ಹಾಕಿದರೆ ಉಸಿರು ಕಟ್ಟುತ್ತದೆ, ಚರ್ಮ ಹುಣ್ಣಾಗುತ್ತದೆ, ಇಲ್ಲದ ನೋವೂ ಬರುತ್ತದೆ ಎಂದು ಹೇಳಿ, ಕೊನೆಗೊಂದು ಮಾತು ಸೇರಿಸಿದ್ದರು: "ನೀನು ಯೋಚನೆ ಮಾಡಿ ಹಾಕ್ತಿಲ್ಲಮ್ಮ, ಹೆದರಿಕೊಂಡು ಹಾಕ್ತಿದ್ದೀಯ." ಅಂದಿನಿಂದ ಜೊತೆಯವರ ಬಾಯಲ್ಲಿ ಅವಳು ಕಾಲರಮ್ಮ. ಅವಳೂ ನಗುತ್ತಿದ್ದಳು, ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಇದು ಎರಡನೇ ಅವಕಾಶ, ಮೂರನೆಯದು ಇಲ್ಲ. ಇವತ್ತೂ ಬಿದ್ದರೆ ನಾಳೆ ಮತ್ತೆ ಕಾರ್ಖಾನೆ.

ಆರು ತಿಂಗಳು ಮನೆಯಲ್ಲಿ ಸಿಕ್ಕವರ ಕುತ್ತಿಗೆಯನ್ನೆಲ್ಲ ಒತ್ತಿ ಅಭ್ಯಾಸ ಮಾಡಿದ್ದಳು. ಗಂಡ ಎರಡು ದಿನಕ್ಕೇ ಕೈಮುಗಿದ. ಮಗಳು ಕಚಗುಳಿ ಎಂದು ಓಡಿದಳು. ಅತ್ತೆ ಮಾತ್ರ ಸಂಜೆಯಾದರೆ ತಾವಾಗಿಯೇ ಬಂದು ಮೋಟು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತು, ತುರುಬು ಎತ್ತಿ ಹಿಡಿಯುತ್ತಿದ್ದರು. ಈ ಪರೀಕ್ಷೆ ಮುಗಿಯದಿದ್ದರೇ ಒಳ್ಳೆಯದು ಎಂದು ಅವರು ನೆರೆಮನೆಯವರ ಹತ್ತಿರ ಹೇಳಿದ್ದೂ ಇವಳ ಕಿವಿಗೆ ಬಿದ್ದಿತ್ತು.

ಕೇಳಬೇಕಾದದ್ದನ್ನೆಲ್ಲ ಅವಳು ಈಗ ಒಂದೊಂದಾಗಿ ಕೇಳಿದಳು. ಕುಡಿದಿದ್ದೀರಾ ಎಂದರೆ ಮಾವ ಎರಡು ಲೋಟ ಟೀ ಎಂದರು. ಕೈಕಾಲು ಜೋಮು ಹಿಡಿದಿಲ್ಲ. ಅವಳ ಬೆರಳುಗಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಅಮುಕಿದರು, ಪಾದದಿಂದ ಅವಳ ಅಂಗೈಯನ್ನು ಒದ್ದರು. ಬೇರೆ ಕಡೆ ದೊಡ್ಡ ಗಾಯವಿದ್ದರೆ ಆ ನೋವಿನ ಗಲಾಟೆಯಲ್ಲಿ ಕುತ್ತಿಗೆಯ ನೋವು ಮುಚ್ಚಿಹೋಗುತ್ತದೆ, ಅದಕ್ಕೆ ಮೈಯೆಲ್ಲ ನೋಡಿದಳು. ಮೊಣಕೈ ಮೇಲೆ ತರಚಿದಂತೆ ಬಳಿದ ಬಣ್ಣ ಬಿಟ್ಟರೆ ಏನೂ ಇಲ್ಲ. ಕುತ್ತಿಗೆ ನೋಯುತ್ತದೆಯೇ ಎಂದರೆ ಇಲ್ಲ.

ಉತ್ತರ ಯಾವ ಕಡೆ ಹೋಗುತ್ತಿದೆ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಇದು ಪಟ್ಟಿ ಬೇಡದ ಕೇಸು. ಡಾಕ್ಟರಮ್ಮ ಅವಳಿಗೆಂದೇ ಇದನ್ನು ಆರಿಸಿದ್ದರೂ ಆರಿಸಿರಬಹುದು. ಉಳಿದದ್ದು ಎರಡೇ: ಕತ್ತಿನ ಹಿಂಬದಿಯ ಏಳು ಮೂಳೆಗಂಟುಗಳನ್ನು ಒತ್ತಿ ನೋಡುವುದು, ಆಮೇಲೆ ರೋಗಿಗೇ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಹೇಳುವುದು. ಅದೂ ಆಯಿತೆಂದರೆ "ಪಟ್ಟಿ ಬೇಡ" ಎಂದು ಹೇಳಿ ಎದ್ದರೆ ಮುಗಿಯಿತು. ಅವಳಿಗೆ ಆಗಲೇ ಹಗುರವಾಗತೊಡಗಿತ್ತು.

ಬೆರಳುಗಳನ್ನು ಕತ್ತಿನ ಕೆಳಗೆ ತೂರಿಸಿ ಮೇಲಿನಿಂದ ಒತ್ತುತ್ತಾ ಬಂದಳು. ಮೂರು, ನಾಲ್ಕು, ಐದು. ಆರನೆಯದರ ಮೇಲೆ ಒತ್ತಿದಾಗ ಪಕ್ಕದ ಮಾಂಸ ಗಟ್ಟಿಯಾಗಿ ಎದ್ದು ಬಂತು.

"ನೋವಾಯ್ತಾ?"

"ಇಲ್ಲ," ಎಂದರು ಮಾವ. ಮುಖದ ಮೇಲೊಂದು ಗೆರೆಯೂ ಅಲುಗಲಿಲ್ಲ.

ಅವಳು ಏಳನೆಯದಕ್ಕೆ ಇಳಿದಳು, ಅಲ್ಲಿ ಎಲ್ಲ ಮೆತ್ತಗಿತ್ತು. ಕಾರ್ಖಾನೆಯಲ್ಲಿ ಅಂಗಿಯ ಹೊಲಿಗೆಯ ಮೇಲೆ ಬೆರಳಾಡಿಸುವಾಗ ಕಣ್ಣಿಗೆ ಕಾಣದ ಬಿಟ್ಟ ಹೊಲಿಗೆಯೊಂದು ಬೆರಳಿಗೆ ಸಿಕ್ಕಿಬಿಡುತ್ತಿತ್ತು. ಮೇಲ್ವಿಚಾರಕ ಸರಿಯಾಗಿದೆ ಎಂದರೂ ಅವಳು ಅಂಗಿಯನ್ನು ಪಕ್ಕಕ್ಕೆ ಹಾಕುತ್ತಿದ್ದಳು. ಈಗಲೂ ಬೆರಳು ಹಿಂದಕ್ಕೆ ಹೋಯಿತು. ಆರನೆಯದನ್ನು ಮತ್ತೆ ಒತ್ತಿದಳು. ಮಾವ ಈ ಸಲವೂ ಇಲ್ಲವೆಂದರು. ಆದರೆ ಹೇಳುವ ಮೊದಲು ಅವರ ಉಸಿರು ಒಂದು ಗಳಿಗೆ ನಿಂತಿತ್ತು, ಕಾಲಿನ ಬೆರಳುಗಳು ಮುದುಡಿದ್ದವು.

ನಟನೆ ಇರಬಹುದೇ? ಇದ್ದರೆ "ಅಯ್ಯೋ" ಎನ್ನುತ್ತಿದ್ದರು, ಮಾವನ ನಟನೆಯಲ್ಲಿ ಕಂಜೂಸುತನ ಇಲ್ಲ. ಮುಚ್ಚಿಡುವ ನಟನೆಯನ್ನು ಯಾವ ಪರೀಕ್ಷೆಯಲ್ಲೂ ಅವರು ಮಾಡಿದ್ದಿಲ್ಲ.

"ಎರಡು ನಿಮಿಷ ಇದೆ," ಎಂದರು ಡಾಕ್ಟರಮ್ಮ. "ಮುಂದೇನು?"

ಅವಳಿಗೆ ಹೆದರಿಕೆಯಾಯಿತು. ಇದು ಮತ್ತೆ ಅದೇ ಹಳೆಯ ಹೆದರಿಕೆಯೋ, ಅಥವಾ ಬೇರೆಯೋ? ತಲೆ ತಿರುಗಿಸಿ ಎನ್ನಲು ಬಾಯಿಯವರೆಗೆ ಮಾತು ಬಂದಿತ್ತು. ಅತ್ತೆಯ ಕುತ್ತಿಗೆ ನೆನಪಾಯಿತು, ಮಗಳದು, ಗಂಡನದು. ಆರು ತಿಂಗಳಲ್ಲಿ ಎಷ್ಟು ಸಾವಿರ ಸಲ ಒತ್ತಿದ್ದಳೋ, ನೋವಿಲ್ಲದ ಒಂದು ಕುತ್ತಿಗೆಯೂ ಹೀಗೆ ಬೆರಳಿಗೆ ಎದುರು ನಿಂತಿರಲಿಲ್ಲ.

"ತಲೆ ತಿರುಗಿಸೋದು ಬೇಡ, ಮೇಡಂ. ಕಾಲರ್ ಹಾಕ್ತೀನಿ."

ನರ್ಸ್ ತಲೆ ತಗ್ಗಿಸಿದಳು. ಡಾಕ್ಟರಮ್ಮ ಅಂಕದ ಹಾಳೆಯ ಮೇಲೆ ಪೆನ್ನಿಟ್ಟು, ನೋವಿಲ್ಲ ಅಂತ ರೋಗಿಯೇ ಎರಡು ಸಲ ಹೇಳಿದ್ದನ್ನು ಕೇಳಿಸಿಕೊಂಡೆಯಾ ಎಂದು ಕೇಳಿದರು. ಕೇಳಿಸಿಕೊಂಡೆ ಎಂದಳು ಅವಳು. ಆಮೇಲೆ ಬಗ್ಗಿ, ಮಾವನಿಗಷ್ಟೇ ಕೇಳುವಂತೆ ಹೇಳಿದಳು: "ಮಾವ, ಸೈಕಲ್ ವಿಷಯ ಬಿಡಿ. ನೀವು ಯಾವಾಗ ಬಿದ್ರಿ?"

ಮಾವ ಚಾವಣಿಯನ್ನೇ ನೋಡುತ್ತಾ ಹೇಳಿದರು.

"ಬೆಳಿಗ್ಗೆ. ಏಣಿ ಮೇಲಿಂದ. ನಮ್ಮ ಮನೆಯವಳಿಗೆ ಹೇಳ್ಬೇಡಮ್ಮ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದುಬಿಟ್ಟರು.

ಆದದ್ದು ಇಷ್ಟು. ನೀರಿನ ತೊಟ್ಟಿಯ ಮುಚ್ಚಳ ಸರಿಮಾಡಲು ಯಾರನ್ನಾದರೂ ಕರೆಸಿ, ನೀವು ಹತ್ತಬೇಡಿ ಎಂದು ಹೆಂಡತಿ ವಾರದಿಂದ ಹೇಳುತ್ತಿದ್ದರು. ಅವರು ಅಂಗಡಿಗೆ ಹೋದದ್ದೇ ತಡ, ಮಾವ ಹತ್ತಿದರು. ಏಣಿ ಜಾರಿತು. ಬಿದ್ದವರು ಎದ್ದು, ಬಟ್ಟೆ ಬದಲಿಸಿ, ನೋವಿನ ಮಾತ್ರೆ ಎರಡು ನುಂಗಿ, ತಾವಿಲ್ಲದಿದ್ದರೆ ಪರೀಕ್ಷೆಯೇ ಮುಂದಕ್ಕೆ ಹೋಗುತ್ತದೆಂದು ಓಡಿಬಂದಿದ್ದರು. ಎದ್ದು ಓಡಾಡಿದ ಮಾತ್ರಕ್ಕೆ ಕುತ್ತಿಗೆ ಸರಿಯಿದೆ ಎಂದಲ್ಲ ಎಂದು ಇದೇ ಕೋಣೆಯಲ್ಲಿ ಪ್ರತಿ ತಂಡಕ್ಕೂ ಗಂಟಲು ಹರಿದುಕೊಂಡು ಹೇಳಿದವರು ಇವರೇ. ಬೆಳಿಗ್ಗೆಯಿಂದ ಇವಳಿಗಿಂತ ಮೊದಲು ಇಬ್ಬರು ಅಭ್ಯರ್ಥಿಗಳು ಅದೇ ಮೂಳೆಯನ್ನು ಒತ್ತಿದ್ದರು, ತಲೆಯನ್ನೂ ತಿರುಗಿಸಿ ಎಂದಿದ್ದರು. ಮಾವ ತಿರುಗಿಸಿದ್ದರು ಕೂಡ.

ಅವಳು ಹೆಗಲಿನಿಂದ ದವಡೆಯವರೆಗೆ ಬೆರಳಿಟ್ಟು ಅಳತೆ ತೆಗೆದು ಪಟ್ಟಿ ಹಾಕಿದಳು. ಮೂವರೂ ಸೇರಿ ಮಾವನನ್ನು ಸ್ಟ್ರೆಚರಿಗೆ ಹಾಕಿ, ಅವರೇ ಇಷ್ಟು ವರ್ಷ ದುಡಿದ ಆಂಬುಲೆನ್ಸಿಗೆ ಏರಿಸಿದರು. ದಾರಿಯುದ್ದಕ್ಕೂ ಮಾವನದು ಒಂದೇ ತಕರಾರು.

"ಈ ಬಲ್ಬು ನೇರ ಕಣ್ಣಿಗೇ ಹೊಡೆಯುತ್ತಲ್ಲ. ಇಷ್ಟು ವರ್ಷದಲ್ಲಿ ಒಬ್ಬ ರೋಗಿನೂ ನಂಗೆ ಹೇಳಲಿಲ್ಲ ನೋಡು."

ಅವಳು ತನ್ನ ಅಂಗೈಯನ್ನು ಬಲ್ಬಿಗೆ ಅಡ್ಡ ಹಿಡಿದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಆರನೆಯ ಮೂಳೆಯ ಹಿಂಬದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಜಾಗ ಬಿಟ್ಟು ಸರಿದಿಲ್ಲ. ಆರು ವಾರ ಪಟ್ಟಿ, ವಿಶ್ರಾಂತಿ, ಅಷ್ಟೇ. ಇನ್ನೊಮ್ಮೆ ತಿರುಗಿಸಿದ್ದರೂ ಏನೂ ಆಗದೆ ಇರಬಹುದಿತ್ತು, ಆಗಲೂಬಹುದಿತ್ತು ಎಂದು ಅಲ್ಲಿನ ವೈದ್ಯರು ಹೇಳಿದರು. ಅಷ್ಟರಲ್ಲಿ ಮಾವನ ಹೆಂಡತಿಯೂ ಬಂದರು. ಬೈಯಲಿಲ್ಲ. ಗಂಡನ ಕಾಲ ಬಳಿ ಕೂತು, "ತೊಟ್ಟಿ ಮುಚ್ಚಳ ಸರಿಹೋಯ್ತಾ?" ಎಂದಷ್ಟೇ ಕೇಳಿದರು. ಮಾವನಿಗೆ ಮುಖ ತಿರುಗಿಸಿಕೊಳ್ಳಲೂ ದಾರಿಯಿರಲಿಲ್ಲ.

ಡಾಕ್ಟರಮ್ಮ ಪಡಸಾಲೆಯ ಬೆಂಚಿನ ಮೇಲೆ ಹಾಳೆ ತೆರೆದು ಕೂತಿದ್ದರು. ಸರಿಯುತ್ತರದ ಜಾಗದಲ್ಲಿ "ಪಟ್ಟಿ ಬೇಡ" ಎಂದು ಮೊದಲೇ ಅಚ್ಚಾಗಿತ್ತು. ಹಾಳೆಯ ಪ್ರಕಾರ ನಿನ್ನದು ತಪ್ಪು ಎಂದರು. ಆಮೇಲೆ ಅಚ್ಚಾಗಿದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ "ಬೇಕು" ಎಂದು ಬರೆದು ಸಹಿ ಮಾಡಿದರು.

"ಇವತ್ತೂ ಹೆದರಿಕೊಂಡೇ ಹಾಕಿದ್ಯಾ?"

"ಹೆದರಿಕೆ ಇತ್ತು, ಮೇಡಂ. ಆದ್ರೆ ಹಾಕಿದ್ದು ಅದಕ್ಕಲ್ಲ."

ಡಾಕ್ಟರಮ್ಮ ಪಾಸು ಎಂದು ಬರೆದರು. ಅವಳಿಗೆ ಅಳು ಬಂತು. ಅಲ್ಲೇ ನಿಂತು ಎರಡು ನಿಮಿಷ ಅತ್ತು, ಕಣ್ಣೊರೆಸಿಕೊಂಡಳು.

ಹಾಳೆಯ ಕೊನೆಯಲ್ಲಿ ರೋಗಿಯ ಪಾತ್ರ ಮಾಡಿದವರೂ ಒಂದು ಸಹಿ ಹಾಕಬೇಕಿತ್ತು. ಮಾವನಿಗೆ ಕತ್ತು ಬಗ್ಗಿಸುವಂತಿಲ್ಲ. ಅವಳು ಹಾಳೆಯನ್ನು ಅವರ ಮುಖದ ಮೇಲೆ, ಗಾಳಿಯಲ್ಲಿ, ಚಾಚಿ ಹಿಡಿದಳು. ಮಾವ ಕೈ ಮೇಲೆತ್ತಿ ಬರೆದರು. ಸಹಿಯ ಬಾಲ ಕಾಗದ ದಾಟಿ ಅವಳ ಹೆಬ್ಬೆರಳಿನ ಮೇಲೆ ಬಂದು ನಿಂತಿತು.

ಸಂಜೆ ಮನೆಯಲ್ಲಿ ಎಲ್ಲರಿಗೂ ಹೇಳಿಯಾಯಿತು, ಮಗಳು ಕುಣಿದದ್ದಾಯಿತು. ಗಂಡ ತನ್ನ ಕುತ್ತಿಗೆಗೆ ಬಿಡುಗಡೆ ಸಿಕ್ಕಿತೆಂದು ನಿಟ್ಟುಸಿರಿಟ್ಟ. ಅವಳು ಕೈತೊಳೆದು ಬರುವಷ್ಟರಲ್ಲಿ ಅತ್ತೆ ಮೋಟು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು.

"ಪರೀಕ್ಷೆ ಮುಗೀತಲ್ಲ, ಅತ್ತೆ."

"ನಿಂದು ಮುಗೀತು," ಎಂದು ಅತ್ತೆ ತುರುಬು ಎತ್ತಿ ಹಿಡಿದರು.

ಅವಳು ಹಿಂದೆ ನಿಂತು ಮೇಲಿನಿಂದ ಒತ್ತುತ್ತಾ ಬಂದಳು. ಹೆಬ್ಬೆರಳಿನ ಮೇಲೆ ಶಾಯಿಯ ಗೆರೆ ಇನ್ನೂ ಉಳಿದಿತ್ತು. ಮೂರು, ನಾಲ್ಕು, ಐದು. ಆರನೆಯದರ ಮೇಲೆ ಬೆರಳು ನಿಂತಿತು; ಅಲ್ಲಿ ಎಲ್ಲ ಮೆತ್ತಗಿತ್ತು. ಅತ್ತೆ ಆಗಲೇ ತೂಕಡಿಸುತ್ತಿದ್ದರು. ಅವಳು ಏಳನೆಯದಕ್ಕೆ ಇಳಿದಳು.