ತಗಡಿನ ಹಲ್ಲುನೋವು

ಇಸ್ತ್ರಿ ಅಂಗಡಿಯ ಅಕ್ಕನಿಗೆ ಅಂದು ಬೆಳಗಿನಿಂದಲೇ ತಲೆ ಕೆಟ್ಟಿತ್ತು. ಹೋಟೆಲಿನವರು ಕಳಿಸಿದ ಬಿಳಿ ಅಂಗಿಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಇಸ್ತ್ರಿಪೆಟ್ಟಿಗೆ ವೈರು ಅಲ್ಲಾಡಿಸಿದರೆ ಮಾತ್ರ ಬಿಸಿಯಾಗುತ್ತಿತ್ತು. ಸಾಲದ್ದಕ್ಕೆ, ರೇಡಿಯೋದಲ್ಲಿ ಅವಳ ಸತ್ತ ತಮ್ಮನನ್ನು ಹೊಗಳುತ್ತಿದ್ದರು.

ತಮ್ಮನನ್ನು ಬಡಾವಣೆಯವರೆಲ್ಲ ತಗಡು ಎಂದೇ ಕರೆಯುತ್ತಿದ್ದರು. ತಗಡಿನ ಮೇಲೆ ಮೊಳೆ ಎಳೆದಂಥ ದನಿ ಅವನದು. ಹಗಲು ಗೋದಾಮಿನಲ್ಲಿ ಮೂಟೆ ಇಳಿಸುತ್ತಿದ್ದ, ಸಂಜೆ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಪಂಕ್ ಸಂಗೀತ ಹಾಡುತ್ತಿದ್ದ. "ಪಂಕ್ ಅಂದ್ರೆ ಏನೋ ಅದು?" ಎಂದು ಅಕ್ಕ ಕೇಳಿದಾಗ, "ರಾಗ ಕಮ್ಮಿ, ರೇಗೋದು ಜಾಸ್ತಿ, ಅಷ್ಟೇ ಅಕ್ಕ" ಎಂದಿದ್ದ. ಸೋರುವ ಸೂರು, ಸಿಗದ ಕೂಲಿ, ಮನೆ ಬಿಡಿಸುವ ಮಾಲೀಕರು, ಇವೇ ಅವನ ಹಾಡುಗಳು.

ಅವನು ತೀರಿಕೊಂಡು ಆಗಲೇ ವರ್ಷವಾಗಿತ್ತು. ಅವನ ನೆನಪಿನಲ್ಲಿ ಜನ ತಮ್ಮ ಬಡತನದ ಬಗ್ಗೆ ಬಾಯಿಬಿಟ್ಟು ಮಾತಾಡಲಿ ಎಂದು ಬಡಾವಣೆಯ ಸಮುದಾಯ ರೇಡಿಯೋ ಒಂದು ಕಾರ್ಯಕ್ರಮ ಇಟ್ಟುಕೊಂಡಿತ್ತು. ನಡೆಸುತ್ತಿದ್ದವಳು ನರ್ಸಮ್ಮ. ಬೆಳಿಗ್ಗೆ ಉಚಿತ ಆಸ್ಪತ್ರೆಯಲ್ಲಿ ಕೆಲಸ, ಮಧ್ಯಾಹ್ನ ರೇಡಿಯೋದಲ್ಲಿ ಮಾತು. ಅವಳು ಮೂರು ಸಲ ಬಂದು ಕರೆದಿದ್ದಳು. ಮೂರು ಸಲವೂ ಅಕ್ಕ ಒಂದೇ ಉತ್ತರ ಕೊಟ್ಟಿದ್ದಳು: "ಬದುಕಿದ್ದಾಗ ಸದ್ದು ನಿಲ್ಲಿಸು ಅಂತ ಜಗಳಕ್ಕೆ ಬಂದ್ರು. ಈಗ ಹೊಗಳೋಕೆ ನಾನು ಬೇರೆ ಬೇಕಾ?"

ರೇಡಿಯೋದಲ್ಲಿ ತಗಡು ಕೊನೆಯದಾಗಿ ಹಾಡಿದ ಹಾಡು ಬಂತು. ಅರ್ಧ ಹಾಡು, ಅರ್ಧ ಚೀರಾಟ. ಹಾಡು ಮುಗಿದ ಮೇಲೆ ಅತಿಥಿಯಾಗಿ ಬಂದಿದ್ದ ಸಂಗೀತದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಆಹಾ! ಈ ಆರ್ತನಾದ ಕೇಳಿ. ಬಡತನ ಇಲ್ಲದಿದ್ರೆ ಇಂಥ ಕಲೆ ಹುಟ್ಟುತ್ತಿತ್ತೇ? ಬಡತನವೇ ಅವನಿಗೆ ಗುರು!"

ಅಕ್ಕ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೇ ರೇಡಿಯೋ ಕೇಂದ್ರ. ದಡದಡನೆ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು. ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟಳು. ಅಕ್ಕ ಅದನ್ನು ನೋಡಿದರೆ ತಾನೇ?

"ಮೇಷ್ಟ್ರೇ, ಅದು ಆರ್ತನಾದವೂ ಅಲ್ಲ, ಕಲೆಯೂ ಅಲ್ಲ. ಹಲ್ಲುನೋವು ರೀ ಅದು!"

ನರ್ಸಮ್ಮ ಮೈಕನ್ನು ಅಕ್ಕನ ಕಡೆ ತಿರುಗಿಸಿ, "ಕೂತ್ಕೊಳ್ಳಿ ಅಕ್ಕ, ಹೇಳಿ" ಎಂದಳು.

"ದವಡೆ ಊದಿ ಕುಂಬಳಕಾಯಿ ಆಗಿತ್ತು. ಕಾಣದ ಹಾಗೆ ಟವೆಲ್ ಸುತ್ಕೊಂಡು, ಆ ನೋವಲ್ಲೇ ಇಲ್ಲಿ ಬಂದು ಹಾಡಿದ. ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ಹತ್ತೇ ದಿನಕ್ಕೆ ಕೀವು ಗಂಟಲಿಗೆ ಇಳೀತು, ಉಸಿರು ಕಟ್ಟಿ ಹೋದ. ಒಂದು ಹಲ್ಲಿಗೆ ಒಬ್ಬ ಮನುಷ್ಯ ಹೋದ. ಬಡತನ ಅವನಿಗೆ ಗುರುವಂತೆ! ಯಾವ ಗುರು ರೀ ಶಿಷ್ಯನ ಪ್ರಾಣ ತೆಗೀತಾನೆ?"

ಮೇಷ್ಟ್ರು ತಲೆ ತಗ್ಗಿಸಿದರು.

ನರ್ಸಮ್ಮ ಮೆಲ್ಲಗೆ ಕೇಳಿದಳು, "ನಮ್ಮ ಆಸ್ಪತ್ರೆ ಎರಡೇ ಬೀದಿ ಆಚೆ ಇದೆ ಅಕ್ಕ. ಹಲ್ಲಿನ ಡಾಕ್ಟರು ವಾರಕ್ಕೆ ಎರಡು ದಿನ ಬರ್ತಾರೆ. ಅವನ್ಯಾಕೆ ಬರಲಿಲ್ಲ?"

ಅಕ್ಕನ ದನಿ ಅಲ್ಲಿಗೆ ಸೋತಿತು. "ಹೋಗ್ತೀನಿ ಅಂದ. ನಾನೇ ಬೇಡ ಅಂದೆ. ಪುಕ್ಕಟೆ ಆಸ್ಪತ್ರೆ ಬಾಗಿಲಲ್ಲಿ ನಿಂತ್ರೆ ನಮ್ಮ ಹತ್ರ ಏನೂ ಇಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತೆ, ಉಪ್ಪುನೀರು ಮುಕ್ಕಳಿಸು, ಕಮ್ಮಿಯಾಗುತ್ತೆ ಅಂದೆ. ಊರೆಲ್ಲಾ ಕೇಳೋ ಹಾಗೆ ಕೂಗಿದವನು, ನನ್ನ ಮಾತಿಗೆ ಸುಮ್ಮನಾದ."

ಆಗ ಫೋನ್ ಗುಂಯ್‌ಗುಟ್ಟಿತು. ನರ್ಸಮ್ಮ ಕರೆಯನ್ನು ನೇರವಾಗಿ ಪ್ರಸಾರಕ್ಕೆ ಬಿಟ್ಟಳು.

"ನಾನು ಚಪ್ಪಲಿ ಹೊಲಿಯೋನು, ಬಸ್ ನಿಲ್ದಾಣದ ಮೂಲೆಯಿಂದ. ಅಲ್ಲಿ ಕೂತಿದಾಳಲ್ಲ, ಅವಳ ಗಂಡ."

ಅಕ್ಕ ಗಾಬರಿಯಾದಳು. "ನೀವ್ಯಾಕೆ ಫೋನ್ ಮಾಡಿದ್ರಿ?"

"ಹೇಳಬೇಕಾದ್ದು ಇನ್ನೊಂದಿದೆ ನರ್ಸಮ್ಮ. ಇವಳಿಗೆ ಬಿಪಿ. ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದಾರೆ. ಮುರಿದು ಅರ್ಧ ತಿಂತಾಳೆ. ತಿಂಗಳ ಕೊನೆಗೆ ಅದೂ ಇಲ್ಲ. ಮೊನ್ನೆ ಮೆಟ್ಟಿಲ ಹತ್ರ ತಲೆ ತಿರುಗಿ ಕೂತುಬಿಟ್ಟಿದ್ಲು."

"ಮನೆ ಮರ್ಯಾದೇನ ರೇಡಿಯೋದಲ್ಲಿ ಹರಾಜಿಗೆ ಇಡ್ತಿದೀರಾ?"

"ಮುಚ್ಚಿಟ್ಟು ನಿನ್ನ ತಮ್ಮ ಹೋದ ಅಂತ ಈಗ ತಾನೇ ನೀನೇ ಹೇಳಿದೆಯಲ್ಲೇ!"

"ಹಾಗಾದ್ರೆ ನಿಮ್ಮ ಕಣ್ಣಿನ ಕಥೆಯನ್ನೂ ಹೇಳಿ! ನರ್ಸಮ್ಮ, ಇವರ ಸೂಜಿಗೆ ದಾರ ನಾನೇ ಪೋಣಿಸಿ ಕಳಿಸಬೇಕು. ಹೋದ ವಾರ ಗಿರಾಕಿ ಚಪ್ಪಲಿ ಬದಲು ತಮ್ಮ ಪ್ಯಾಂಟಿಗೇ ಹೊಲಿಗೆ ಹಾಕ್ಕೊಂಡಿದ್ರು!"

ಮೇಷ್ಟ್ರು ನಗು ತಡೆಯಲಾರದೆ ಕೆಮ್ಮಿದರು. ನರ್ಸಮ್ಮನಿಗೆ ಮಾತ್ರ ರೇಗಿಹೋಯಿತು.

"ಸಾಕು ಮಾಡಿ ಇಬ್ಬರೂ! ಬಿಪಿ ಮಾತ್ರೆ ಆಸ್ಪತ್ರೇಲಿ ನಾನು ಕೂರೋ ಜಾಗದ ಪಕ್ಕದ ಕಪಾಟಿನಲ್ಲೇ ಇದೆ. ಕಣ್ಣು ನೋಡಿ ಕನ್ನಡಕ ಕೊಡ್ತೀವಿ. ಕಾಗದಪತ್ರ ಇಲ್ಲದಿದ್ರೂ ಮೊದಲು ಚಿಕಿತ್ಸೆ, ಆಮೇಲೆ ಮಿಕ್ಕಿದ್ದು. ನಾಲ್ಕು ವರ್ಷದಿಂದ ಇದೇ ಮೈಕಲ್ಲಿ ಬಡ್ಕೋತಿದೀನಿ. ಯಾರಿಗೂ ಕೇಳಿಸಲ್ವಾ?"

"ಕೇಳಿಸುತ್ತೆ ನರ್ಸಮ್ಮ," ಅಂದ ಗಂಡ. "ಅದು ನಮ್ಮಂಥೋರಿಗಲ್ಲ, ನಮಗಿಂತ ಬಡವರಿಗೆ ಅಂತ ಅಂದ್ಕೋತೀವಿ."

"ಪ್ರತಿಯೊಬ್ಬರೂ ಹಾಗೇ ಅಂದ್ಕೊಂಡು ನಮ್ಮ ಬೆಂಚು ಖಾಲಿ ಬಿದ್ದಿದೆ! ಔಷಧಿ ಅವಧಿ ಮೀರಿ ಕಸಕ್ಕೆ ಹೋಗ್ತಿದೆ!"

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ರೇಡಿಯೋ ಕೇಳಿ ಪರಿಚಯದವರು ಯಾರಾದರೂ ಬಂದರೆ ಅಕ್ಕ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಬಂದವರೂ ಹಾಗೇ ಮಾಡುತ್ತಿದ್ದರು. ಕೊನೆಗೆ ಅವಳಿಗೇ ಬೇಸರ ಬಂದು, ಪಕ್ಕದವಳನ್ನು "ನಿಮಗೇನಾಗಿದೆ?" ಎಂದು ಕೇಳಿದಳು. ಆಮೇಲೆ ಇಡೀ ಬೆಂಚು ಮಾತಿಗಿಳಿಯಿತು.

ಬಿಪಿ ನೋಡಿದ ಡಾಕ್ಟರು, "ಇನ್ನೊಂದಷ್ಟು ದಿನ ಹೀಗೇ ಬಿಟ್ಟಿದ್ರೆ ಲಕ್ವ ಹೊಡೆಯೋದು ಕಣಮ್ಮ" ಎಂದು ಗದರಿದರು. ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟರು. ಪಕ್ಕದ ಕೋಣೆಯಲ್ಲಿ ಗಂಡನ ಕಣ್ಣಿಗೆ ಒಂದೊಂದೇ ಗಾಜು ಹಾಕಿ ಪರೀಕ್ಷೆ ಮಾಡುತ್ತಿದ್ದರು. ನಾಲ್ಕನೆಯ ಗಾಜು ಹಾಕಿದಾಗ ಅವನು ಗೋಡೆಯ ಅಕ್ಷರ ಬಿಟ್ಟು ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ. ನೋಡುತ್ತಲೇ ಇದ್ದ.

"ಇಷ್ಟೊಂದು ಸೊರಗಿದೀಯೇನೇ? ನನಗೆ ಕಂಡೇ ಇರಲಿಲ್ಲ."

ಅಕ್ಕ ಒಳಗೆ ಬಂದು ಮಾತ್ರೆಯ ಪೊಟ್ಟಣವನ್ನು ಅವನ ಕೈಗಿಟ್ಟಳು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ತಗಡಿಗೆ ನಿಜವಾಗಿ ಗೌರವ ಸಲ್ಲಿಸಬೇಕು ಅನ್ನಿಸಿದರೆ ಅವನ ಬಡತನವನ್ನು ಹಾಡಿ ಹೊಗಳಬೇಡಿ. ಬಡತನದಲ್ಲಿ ಹೊಗಳುವಂಥದ್ದು ಏನೂ ಇಲ್ಲ, ನಾಚುವಂಥದ್ದೂ ಏನೂ ಇಲ್ಲ. ನಿಮ್ಮ ಮನೆಯಲ್ಲಿ ಯಾರು ಮಾತ್ರೆ ಮುರಿದು ತಿನ್ನುತ್ತಿದ್ದಾರೆ? ಯಾರು ಹಲ್ಲು ಕಚ್ಚಿಕೊಂಡು ನೋವು ನುಂಗುತ್ತಿದ್ದಾರೆ? ಈಗಲೇ ಎದ್ದು ಹೋಗಿ ಕೇಳಿ. ಹತ್ತಿರದ ಉಚಿತ ಆಸ್ಪತ್ರೆ ಎಲ್ಲಿದೆ, ಯಾವ ದಿನ ಯಾವ ಡಾಕ್ಟರು ಬರುತ್ತಾರೆ, ಇಂದೇ ವಿಚಾರಿಸಿಕೊಳ್ಳಿ. ಪಕ್ಕದ ಮನೆಯವರು ಸಂಕೋಚಪಟ್ಟರೆ ಕೈಹಿಡಿದು ಜೊತೆಯಲ್ಲೇ ಕರೆದುಕೊಂಡು ಹೋಗಿ. ಆ ಬೆಂಚು ನಿಮಗಿಂತ ಬಡವರಿಗಾಗಿ ಇಟ್ಟದ್ದಲ್ಲ. ನಿಮಗಾಗಿಯೇ ಇಟ್ಟದ್ದು. ದಯವಿಟ್ಟು ಬಂದು ಕೂತುಕೊಳ್ಳಿ.